ಉಡಿ ತುಂಬಿದ ಗೇಟು

ಮುರಿದ ಕಬ್ಬಿಣಕ್ಕೆ ಅರಿಶಿನ ಕುಂಕುಮ ಹಚ್ಚಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಗೋಗಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಕಾಲುವೆ ದಂಡೆಯಲ್ಲಿ ನೀರಾವರಿ ಇಲಾಖೆಯ ಜೀಪು ನಿಂತಿತು. ಕೆಳಗೆ ಗೇಟು ಒಂದು ಮಗ್ಗುಲಿಗೆ ವಾಲಿ, ಎರಡು ಕಂಬಗಳ ನಡುವೆ ಸಿಕ್ಕಿಕೊಂಡು ನಿಂತಿತ್ತು. ಅದನ್ನು ಮೇಲಿನಿಂದ ತೂಗಿ ಹಿಡಿದಿದ್ದ ಎರಡು ಉಕ್ಕಿನ ಪಟ್ಟಿಗಳಲ್ಲಿ ಎಡಗಡೆಯದು ತುಂಡಾಗಿತ್ತು. ತಂತಿಹಗ್ಗದ ತುದಿಯಲ್ಲಿ ಜೋತಾಡುತ್ತಿದ್ದ ಮೇಲಿನ ತುಂಡಿನ ಮುರಿದ ಬಾಯಿಗೆ ಯಾರೋ ಅರಿಶಿನ ಬಳಿದು, ಕುಂಕುಮವಿಟ್ಟು, ಸಾಲದೆಂಬಂತೆ ನಿಂಬೆಹಣ್ಣು ಹಿಂಡಿದ್ದರು. ಹುಳಿ ಬಿದ್ದರೆ ಕಬ್ಬಿಣದ ಬಾಣಲೆ ಏನಾಗುತ್ತದೆಂದು ಒಲೆ ಮುಂದೆ ಕೂತ ಯಾರಿಗಾದರೂ ಗೊತ್ತು. ಕಬ್ಬಿಣ ಹೇಗೆ ಮುರಿಯಿತು ಎಂಬುದನ್ನು ಆ ಮುರಿದ ಮುಖವೇ ಹೇಳಬೇಕಿತ್ತು. ಅದರ ಮೇಲೆಯೇ ಇವರು ಶಾಂತಿ ಮಾಡಿ ಮುಗಿಸಿದ್ದರು.

ಯಾದಗಿರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ನಾನು ಗುಲ್ಬರ್ಗದ ಒಂದು ಲೋಹ ಪರೀಕ್ಷಾ ಪ್ರಯೋಗಾಲಯದಲ್ಲಿದ್ದೆ. ಮುರಿದದ್ದು ಯಾಕೆ ಮುರಿಯಿತು, ಮುರಿಯದೇ ಇರುವುದು ಇನ್ನೆಷ್ಟು ದಿನ ತಡೆದೀತು ಎಂದು ಹೇಳುವುದು ನನ್ನ ಕೆಲಸ. ಸಿಮೆಂಟ್ ಕಾರ್ಖಾನೆಯ ಶಾಫ್ಟು, ಸಕ್ಕರೆ ಕಾರ್ಖಾನೆಯ ರೋಲರು ಇಂಥವೇ ಬರುತ್ತಿದ್ದವು. ಕಾಲುವೆ ಗೇಟು ಬಂದದ್ದು ಅದೇ ಮೊದಲು. ಅದೂ ನನ್ನ ತವರು ಸುರಪುರದ ಹಾದಿಯಲ್ಲಿಯೇ ಇದ್ದ ಗೇಟು, ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ.

ಆದದ್ದು ಇಷ್ಟು. ಗೇಟು ಏರಿಸಿ ಇಳಿಸುವ ಲಸ್ಕರ್ ಬೆಳಿಗ್ಗೆ ಹ್ಯಾಂಡಲ್ ತಿರುಗಿಸುತ್ತಿದ್ದಾಗ ಪಟ್ಟಿ ತುಂಡಾಗಿ, ಗೇಟು ಕುಸಿದು, ಹ್ಯಾಂಡಲ್ ಹಿಂದಕ್ಕೆ ಗಿರ್ರನೆ ತಿರುಗಿ ಅವರ ಬಲಗೈಯನ್ನು ಮೊಣಕೈ ಕೆಳಗೆ ಜಜ್ಜಿಹಾಕಿತ್ತು. ಅವರು ದಿನಗೂಲಿಯ ಮೇಲೆ ಇದ್ದವರು. ಕಾಲುವೆಗೆ ನೀರು ಬಂದ ಕಾಲದಿಂದ ಅದೇ ಗೇಟಿನ ಮೇಲೆ ತಲೆ ನರೆತವರು. ಆ ವರ್ಷ ಖಾಯಂ ಆಗುವವರಲ್ಲಿ ಅವರ ಹೆಸರೂ ಇತ್ತು. ತಪ್ಪು ಅವರದಲ್ಲ ಎಂದಾದರೆ ಕೈ ಹೋದರೂ ನೌಕರಿ ಉಳಿಯುತ್ತಿತ್ತು, ಕೂತು ಮಾಡುವ ಕೆಲಸವಾದರೂ ಸಿಗುತ್ತಿತ್ತು. ಅವರದೇ ಎಂದಾದರೆ ಕೈಯೂ ಇಲ್ಲ, ನೌಕರಿಯೂ ಇಲ್ಲ.

ದಂಡೆಯ ಮೇಲೆ ನಿಂತಿದ್ದ ಕಾರ್ಯಪಾಲಕ ಇಂಜಿನಿಯರ್ ಸಾಹೇಬರಿಗೆ ಉತ್ತರ ಮೊದಲೇ ಗೊತ್ತಿತ್ತು.

"ಇದರಾಗ ಟೆಸ್ಟ್ ಮಾಡೂದು ಏನೈತ್ರಿ ಮೇಡಂ? ಗೇಟಿನ ಬುಡಕ್ಕ ಹೂಳ ತುಂಬಿತ್ತು. ಮುದುಕ ಹ್ಯಾಂಡಲ್‌ಗಿ ಪೈಪ್ ಹಾಕಿ ಜಬರ್‌ದಸ್ತಿ ತಿರುವ್ಯಾನ. ಲೋಡ್ ಹೆಚ್ಚಾತು, ಹರೀತು. ಓವರ್‌ಲೋಡ್ ಅಂತ ಒಂದ್ ಲೈನ್ ಬರದು ಕೊಡ್ರಿ, ನಮ್ಮ ಕೆಲಸ ಮುಗೀತೈತಿ."

ಪೈಪ್ ಹಾಕುವುದು ಸುಳ್ಳಲ್ಲ. ಗಟ್ಟಿಯಾದ ಹ್ಯಾಂಡಲ್‌ಗೆ ಉದ್ದನೆಯ ಪೈಪು ತೂರಿಸಿ ಇಬ್ಬರು ಮೂವರು ಜಗ್ಗುವುದು ಎಲ್ಲ ಕಾಲುವೆಗಳಲ್ಲೂ ನಡೆಯುವ ಮಾತು. ಆದರೆ ಸಾಹೇಬರ ಅವಸರ ನನಗೆ ಹಿಡಿಸಲಿಲ್ಲ. ಜಗ್ಗಿ ಹರಿದ ಉಕ್ಕು ಬೆಲ್ಲದ ಪಾಕದಂತೆ ಮೊದಲು ಉದ್ದವಾಗುತ್ತದೆ, ನಡುವೆ ಸಣ್ಣಗಾಗುತ್ತದೆ, ಮೇಲಿನ ಬಣ್ಣ ಸಿಪ್ಪೆಯಾಗಿ ಉದುರುತ್ತದೆ. ಇಲ್ಲಿ ಬಣ್ಣ ಮುರಿದ ಅಂಚಿನವರೆಗೂ ಹಾಗೇ ಕೂತಿತ್ತು. ಕೆಳಗಿನ ತುಂಡು ಕೇಳಿದೆ. ಗೇಟಿಗೆ ಹೊಸ ಹಗ್ಗ ಸಿಕ್ಕಿಸಲು ಅದರ ಮುರಿದ ತುದಿಯನ್ನು ಗ್ಯಾಸ್ ಕಟರಿನಿಂದ ಕತ್ತರಿಸಿ ಕಾಲುವೆಗೆ ಎಸೆದರಂತೆ. ನನ್ನ ಮೈ ಉರಿಯಿತು.

"ಯಾರ ಹೇಳಿದ್ರು ಕತ್ತರಿಸ್ರಿ ಅಂತ?"

"ಕೆಳಗ ರೈತರು ಲಬೊ ಲಬೊ ಬಾಯಿ ಬಡಕೊಳ್ಳಾಕತ್ತಾರ್ರಿ. ನೆಲ್ಲು ಒಣಗಾಕತ್ತೈತಿ. ನಿಮ್ಮ ತುಂಡಿನ ಸಲುವಾಗಿ ನೀರ ನಿಲ್ಲಸಾಕ ಬರ್ತದೇನ್ರಿ?"

ಉಳಿದ ಒಂದೇ ತುಂಡನ್ನು, ಬಾಯಿ ಯಾರೂ ಮುಟ್ಟದಂತೆ ಬಟ್ಟೆ ಸುತ್ತಿಸಿ ಜೀಪಿಗೆ ಹಾಕಿಸಿದೆ. ಹತ್ತುವ ಮುಂಚೆ ಬೇವಿನ ಗಿಡದ ಬುಡದಲ್ಲಿದ್ದ ಗಂಗಮ್ಮನ ಕಲ್ಲಿನ ಕಡೆ ಕಣ್ಣು ಹೋಯಿತು. ಹಸಿರು ಬಳೆ, ಒಣಗಿದ ಕೊಬ್ಬರಿ ಬಟ್ಟಲು, ಅವುಗಳ ನಡುವೆ ಬೆರಳು ಗಾತ್ರದ ಒಂದು ಕಬ್ಬಿಣದ ಕೊಂಡಿ. ಅದಕ್ಕೂ ಅರಿಶಿನ ಹಚ್ಚಿದ್ದರು. ಏನೋ ಹರಕೆ ಇರಬೇಕೆಂದು ಸುಮ್ಮನಾದೆ.

ವಾಪಸು ಹೋಗುವಾಗ ಶಹಾಪುರದ ದವಾಖಾನೆಯಲ್ಲಿ ಲಸ್ಕರನ್ನು ಕಂಡೆ. ಕೈಗೆ ಭುಜದವರೆಗೂ ಕಟ್ಟು. ನಾನು ಸುರಪುರದವಳೆಂದು ಗೊತ್ತಾದ ಮೇಲೆ 'ಮೇಡಂ' ಹೋಗಿ 'ಯವ್ವಾ' ಬಂತು.

"ಅವತ್ತ ಪೈಪ್ ಹಾಕಿದ್ರೇನು ಕಾಕಾ? ಖರೇ ಹೇಳ್ರಿ. ನಾನು ಕಬ್ಬಿಣದಾಗ ನೋಡಿ ತಿಳಕೋತೀನಿ, ಸುಳ್ಳ ಹೇಳಿದ್ರ ನಿಮಗ ನುಕ್ಸಾನ."

"ಹೂಳಿದ್ದಾಗ ಹಾಕೇನಿ ಯವ್ವಾ, ಇಲ್ಲಂತ ಯಾಕ ಅನ್ಲಿ. ಅವತ್ತ ಹಾಕಿಲ್ಲ. ಗೇಟ್ ಹಗೂರ ಏಳಾಕತ್ತಿತ್ತು. ಒಮ್ಮಿಂದೊಮ್ಮೆ ಫಟ್ ಅಂತು. ಗಂಗವ್ವ ಯಾಕ ಮುನಿಸ್ಕೊಂಡಾಳೋ ಗೊತ್ತಿಲ್ಲ."

"ಅದಕ್ಕ ಮೊದಲ ಏನರೆ ಸದ್ದ ಬರ್ತಿತ್ತೇನು?"

"ಒಂದ್ ಗೇಣು ಎತ್ತಿ ಇಟ್ರ ಸಾಕು, ಗುಂಯ್ ಅಂತಿತ್ತು. ತಿಂಗಳಾನುಗಟ್ಲೆ ಹಂಗ ಇಡಸ್ತಾರ್ರಿ ಸಾಹೇಬ್ರು, ಪಾಳಿ ನೀರ ಬಿಡಾಕ. ಕಾಲಾಗಿನ ಕಲ್ಲ ಸೈತ ನಡಗ್ತಿತ್ತು."

ಆ 'ಗುಂಯ್' ನನಗೆ ಬೇಕಾಗಿತ್ತು. ಗೇಟನ್ನು ಸ್ವಲ್ಪವೇ ಎತ್ತಿ ಬಿಟ್ಟರೆ ಕೆಳಗೆ ನುಗ್ಗುವ ನೀರು ಅದನ್ನು ನಡುಗಿಸುತ್ತದೆ. ಆ ನಡುಕದ ಒಂದೊಂದು ಬೀಸಿಗೂ ಪಟ್ಟಿ ಕೂದಲೆಳೆಯಷ್ಟು ಎಳೆದು ಬಿಟ್ಟ ಹಾಗಾಗುತ್ತದೆ. ಎಲ್ಲಿಯಾದರೂ ಒಂದು ಮೊಳಕೆ ಬಿರುಕು ಇದ್ದರೆ ಅದಕ್ಕೆ ಇಷ್ಟೇ ಸಾಕು.

ಪ್ರಯೋಗಾಲಯದಲ್ಲಿ ಮೊದಲ ಕೆಲಸ ಅರಿಶಿನ ತೆಗೆಯುವುದು. ತಂತಿಬ್ರಷ್ ಮುಟ್ಟಿಸುವಂತಿಲ್ಲ, ಗುರುತುಗಳು ಅಳಿಸುತ್ತವೆ. ಮೆತ್ತನೆಯ ಬ್ರಷ್ಷು, ಅಸಿಟೋನು, ಆಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮೆದು ಮಾಡಿ ಮುಖಕ್ಕೆ ಅಂಟಿಸಿ ಕೀಳುವುದು. ಕಿತ್ತಾಗ ಕೊಳೆ ಹಾಳೆಯ ಜೊತೆ ಬರುತ್ತದೆ. ನಿಂಬೆಯ ಹುಳಿ ಒಂದು ಮೂಲೆಯನ್ನು ತಿಂದುಹಾಕಿತ್ತು, ಬೇಕಾದ ಮೂಲೆ ಉಳಿದಿತ್ತು. ಅದೃಷ್ಟ ಅಂದರೆ ಅಷ್ಟೇ.

ಪಟ್ಟಿಯ ಒಂದು ಬದಿಯಲ್ಲಿ ಹೆಬ್ಬೆರಳ ಉಗುರಿನ ಆಕಾರದ ಕಪ್ಪು ಕಲೆ ಕಂಡಿತು. ಒಳಗೆ ಒಂದರ ಹಿಂದೊಂದು ಬಾಗಿದ ಗೆರೆಗಳು, ಕೆರೆ ಬತ್ತುತ್ತ ಹೋದಂತೆ ದಂಡೆಯಲ್ಲಿ ಉಳಿಯುವ ಗೆರೆಗಳ ಹಾಗೆ. ಬಿರುಕು ಬಹಳ ಕಾಲದಿಂದ ಸ್ವಲ್ಪ ಸ್ವಲ್ಪವೇ ಬೆಳೆದಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕಲೆಯ ಆಚೆಗೆ ಮುಖ ಹೊಳೆಯುತ್ತಿತ್ತು, ಅದು ಒಂದೇ ಏಟಿಗೆ ಮುರಿದ ಭಾಗ. ಅಲ್ಲಿನ ಬಾಣದಂಥ ಗೆರೆಗಳೆಲ್ಲ ಆ ಉಗುರಿನ ಕಡೆಗೇ ಬೆರಳು ಮಾಡುತ್ತಿದ್ದವು.

ಬಿರುಕು ಹಳೆಯದು ಎಂದರೆ ಸಾಹೇಬರು ಒಪ್ಪುವರೇ? 'ಹಳೆಯದಿರಬಹುದು, ಪೈಪ್ ಹಾಕದಿದ್ದರೆ ಇನ್ನೂ ತಡೆಯುತ್ತಿತ್ತು' ಎನ್ನುತ್ತಾರೆ. ಅದಕ್ಕೇ ಇನ್ನೊಂದು ಲೆಕ್ಕ ಬೇಕು. ಈ ಉಕ್ಕು ಇಷ್ಟು ಆಳದ ಬಿರುಕು ಇಟ್ಟುಕೊಂಡು ಎಷ್ಟು ಭಾರ ಹೊರಬಲ್ಲದು? ಅದನ್ನು ತಿಳಿಯಲು ಅದೇ ಪಟ್ಟಿಯಿಂದ ಮಾದರಿ ತುಂಡುಗಳನ್ನು ಕೊರೆದು, ಕಚ್ಚು ಹಾಕಿ, ಯಂತ್ರದಲ್ಲಿ ಮೆಲ್ಲಗೆ ಎಳೆದು ಬಿಡುತ್ತ ಕಚ್ಚಿನ ತುದಿಯಲ್ಲಿ ನಿಜವಾದ ಬಿರುಕು ಹುಟ್ಟಿಸಬೇಕು. ಆಮೇಲೆ ಮುರಿಯುವವರೆಗೆ ಎಳೆಯಬೇಕು. ಇದ್ದದ್ದು ಮೊಳದುದ್ದದ ಪಟ್ಟಿ, ಕೆಡಿಸಲು ಹೆಚ್ಚು ಅವಕಾಶವಿಲ್ಲ. ಮೊದಲ ಮಾದರಿಯಲ್ಲಿ ಬಿರುಕು ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ ಓರೆಯಾಗಿ ಹೋಯಿತು, ಎಸೆದೆ. ಎರಡನೆಯದು ಚೆನ್ನಾಗಿ ನಡೆಯುತ್ತಿದ್ದಾಗ ಕರೆಂಟು ಹೋಯಿತು. ಮತ್ತೆ ಬಂದಾಗ ಯಂತ್ರ ಒಮ್ಮೆಲೇ ಎಳೆದು ಮಾದರಿ ಕೆಟ್ಟಿತು. ಮುಂದಿನದರ ಪಕ್ಕ ಪಿಶಾಚಿಯ ಹಾಗೆ ಕೂತೆ. ಊಟದ ಡಬ್ಬಿ ಬಿಚ್ಚಲಿಲ್ಲ. ಅದು ನೇರವಾಗಿ ಬಂತು, ಅದರ ನಂತರದ್ದೂ ಬಂತು, ಎರಡೂ ಒಂದೇ ಮಾತು ಹೇಳಿದವು.

ಉಕ್ಕಿನಲ್ಲಿ ಇರಬೇಕಾದ್ದಕ್ಕಿಂತ ಇಂಗಾಲ ಹೆಚ್ಚಿತ್ತು, ಬಿರುಕು ತಾಳುವ ಗುಣ ಕಡಿಮೆ. ಲೆಕ್ಕ ಹಾಕಿದರೆ, ಆ ಆಳದ ಬಿರುಕಿಗೆ ಗೇಟಿನ ಸ್ವಂತ ತೂಕವೇ ಸಾಕಾಗಿತ್ತು. ಪೈಪು ಬೇಕಿರಲಿಲ್ಲ. ಹೂಳೂ ಬೇಕಿರಲಿಲ್ಲ. ಮಗು ಹ್ಯಾಂಡಲ್ ತಿರುಗಿಸಿದ್ದರೂ ಆ ಬೆಳಿಗ್ಗೆ ಪಟ್ಟಿ ಹರಿಯುತ್ತಿತ್ತು. ಆ ದಿನ ನನಗಾದ ಸಂತೋಷವನ್ನು ನೆನೆದರೆ ಈಗ ಬಾಯಿ ಕಹಿಯಾಗುತ್ತದೆ.

ಉಳಿದದ್ದು ಒಂದೇ ಪ್ರಶ್ನೆ. ಬಿರುಕು ಅಲ್ಲೇ ಯಾಕೆ ಹುಟ್ಟಿತು? ಉಗುರಿನ ಬುಡದಲ್ಲಿ ಬಣ್ಣ ಕೆರೆದೆ. ಕೆಳಗೆ ವೆಲ್ಡಿಂಗಿನ ಗಾಯ ಇತ್ತು, ನಾಕಾಣೆಯಗಲದ್ದು. ಏನನ್ನೋ ಬೆಸೆದು, ಆಮೇಲೆ ಬಡಿದು ಕಿತ್ತಿದ್ದರು. ಇಂಥ ಉಕ್ಕನ್ನು ಮೊದಲೇ ಬಿಸಿ ಮಾಡದೆ ಒಂದು ಚುಕ್ಕಿ ವೆಲ್ಡಿಂಗ್ ಇಟ್ಟರೆ ಅದರ ಸುತ್ತಲಿನ ಲೋಹ ಗಾಜಿನಂತೆ ಗಡುಸಾಗುತ್ತದೆ. ಗಡಸುತನ ಅಳೆದೆ, ಹಾಗೇ ಇತ್ತು. ಗೇಟಿನ ನಕ್ಷೆಯಲ್ಲಿ ಆ ಜಾಗದಲ್ಲಿ ಏನೂ ಇಲ್ಲ. ಭಾರ ಹೊರುವ ಪಟ್ಟಿಗೆ ಯಾರೂ ಏನೂ ಬೆಸೆಯುವಂತಿಲ್ಲ. ಬಲಗಡೆಯ ಪಟ್ಟಿಯಲ್ಲೂ ಅಂಥದ್ದಿಲ್ಲ.

ಆಗ ನೆನಪಾಯಿತು, ಬೇವಿನ ಬುಡದ ಕೊಂಡಿ.

ಮತ್ತೆ ಗೋಗಿಗೆ ಹೋದೆ. ಕೊಂಡಿ ಅಲ್ಲೇ ಇತ್ತು, ಹೊಸದಾಗಿ ಹೂ ಏರಿಸಿದ್ದರು. ತಿರುಗಿಸಿ ನೋಡಿದೆ. ಬುಡದಲ್ಲಿ ಬಡಿದು ಕಿತ್ತ ವೆಲ್ಡಿಂಗು, ನನ್ನ ಪಟ್ಟಿಯ ಗಾಯಕ್ಕೆ ಸರಿಯಾಗಿ ಕೂರುವಂಥದ್ದು. ಯಾರೂ ಅದನ್ನು ಮುಚ್ಚಿಟ್ಟಿರಲಿಲ್ಲ. ಅವಘಡವಾದ ಮೇಲೆ ದೇವಿಯ ಕೊಂಡಿ ಮುರಿದ ಗೇಟಿನ ಮೇಲೆ ಇರಬಾರದೆಂದು ಊರವರು ಕಿತ್ತು, ಗಾಯಕ್ಕೆ ಬಣ್ಣ ಬಳಿದು, ಕೊಂಡಿಯನ್ನು ಅವಳ ಮುಂದೆಯೇ ಇಟ್ಟಿದ್ದರಂತೆ. ಪೂಜೆ ಮಾಡಿದರೇ ಹೊರತು ಮೋಸ ಮಾಡಿರಲಿಲ್ಲ.

ಲಸ್ಕರ್ ದವಾಖಾನೆಯಿಂದ ಮನೆಗೆ ಬಂದಿದ್ದರು, ಅಲ್ಲಿಗೆ ಹೋದೆ. ಕೈ ಉಳಿದಿತ್ತು, ಬೆರಳು ಮಡಿಸಲು ಬರುತ್ತಿರಲಿಲ್ಲ. ಅವರ ಹೆಂಡತಿ ಚಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತರು. ಕೊಂಡಿಯ ಮಾತು ತೆಗೆದೆ.

"ಅದು ಉಡಿ ಕೊಂಡಿ ಯವ್ವಾ," ಎಂದರು ಲಸ್ಕರ್, ನಾನು ಗೊತ್ತಿರುವುದನ್ನೇ ಕೇಳಿದಂತೆ. "ವರ್ಸಾ ನೀರ ಬಿಡೂ ದಿನ ಗಂಗವ್ವಗ ಉಡಿ ತುಂಬತೀವಿ. ಹಸರ ಖಣ, ಬಳಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಅಕ್ಕಿ. ಗಂಟ ಕಟ್ಟಿ ಗೇಟಿಗಿ ತೂಗ ಹಾಕತೀವಿ. ಗೇಟ್ ಎದ್ದಂಗ ಉಡಿ ಏಳಬೇಕು. ಮೊದಲ ಹಗ್ಗದ್ಲೆ ಕಟ್ಟತಿದ್ವಿ. ಒಂದ್ ವರ್ಸ ಗಂಟ ಜಾರಿ, ಗೇಟ್ ಏಳೂಕ ಮೊದ್ಲ ನೀರಾಗ ಬಿತ್ತು."

ಬಾಗಿಲಲ್ಲಿದ್ದ ಹೆಂಡತಿ ಮುಂದುವರಿಸಿದರು.

"ಅದೇ ವರ್ಸ ನಮ್ಮ ಮಗಳ ಕೂಸು ಕಾಲುವ್ಯಾಗ ಹೋತ್ರಿ ಯವ್ವಾ. ಬಟ್ಟಿ ಒಗಿಯಾಕ ಹೋದಾಗ."

ಆಮೇಲಿನದನ್ನು ಲಸ್ಕರೇ ಹೇಳಿದರು. "ಮುಂದಿನ ವರ್ಸ ನಾನ ಸಾಹೇಬ್ರಿಗಿ ಕೈ ಮುಗದು ಕೇಳಿದೆ, ಒಂದ್ ಕೊಂಡಿ ಹಚ್ಚಸ್ರಿ ಅಂತ. ಅವತ್ತ ಲೀಡರ್ ಸಾಹೇಬ್ರೂ ಪೂಜಾಕ ಬರೋರಿದ್ರು, ಹಾರ ಹಾಕಾಕೂ ಬೇಕಾಗಿತ್ತು. 'ಹಚ್ಚೋ ಅದಕ್ಕೇನ್' ಅಂದ್ರು ಆಗಿನ ದೊಡ್ಡ ಸಾಹೇಬ್ರು. ಇಲಾಖಾದ ವೆಲ್ಡರ್ರೇ ಬಂದು ಹಚ್ಚಿದ. ಈಗಿನ ದೊಡ್ಡ ಸಾಹೇಬ್ರು ಆಗ ಸಣ್ಣ ಸಾಹೇಬ್ರು, ಅಲ್ಲೇ ನಿಂತಿದ್ರು."

ಇಷ್ಟು ದಿನ ಈ ಮನುಷ್ಯನನ್ನು ಉಳಿಸುವ ಸಾಕ್ಷಿ ಹುಡುಕುತ್ತಿದ್ದೆ. ಸಿಕ್ಕ ಸಾಕ್ಷಿ ಅವರೇ ಕೈ ಮುಗಿದು ಕೇಳಿ ಹಾಕಿಸಿಕೊಂಡದ್ದು. ಕೊಂಡಿಯ ಮಾತು ಬರೆದರೆ ಪೈಪಿನ ಆರೋಪ ಬೀಳುತ್ತದೆ, ಬೇರೊಂದು ಏಳುತ್ತದೆ. ಕೊಂಡಿ ಬಿಟ್ಟು 'ಉಕ್ಕಿನ ದೋಷ' ಎಂದಷ್ಟೇ ಬರೆದರೆ ಇವರು ಉಳಿದಾರು. ಆದರೆ ಆ ಕಾಲುವೆಯುದ್ದಕ್ಕೂ ಇಂಥ ಗೇಟುಗಳಿವೆ, ಪ್ರತಿ ಗೇಟಿಗೂ ಒಬ್ಬ ಗಂಗವ್ವ, ಒಬ್ಬ ಲಸ್ಕರ್. ದೋರನಹಳ್ಳಿ ಕಡೆಯೂ ಕೊಂಡಿ ಹಚ್ಚಿಸಿದ್ದಾರೆಂದು ಅವರೇ ಮೆಚ್ಚುಗೆಯಿಂದ ಹೇಳಿದ್ದರು. ಅಲ್ಲಿಯ ಬಿರುಕುಗಳು ನನ್ನ ವರದಿಗಾಗಿ ಕಾಯುತ್ತ ಕೂರುವುದಿಲ್ಲ.

ಅವರಿಗೆ ಬಿಡಿಸಿ ಹೇಳಿದೆ. ಕೊಂಡಿಯಿಂದಲೇ ಮುರಿಯಿತು ಎಂಬುದನ್ನು ನಂಬಲು ಅವರಿಗೆ ಕಷ್ಟವಾಯಿತು. ಬೆರಳಷ್ಟು ಕಬ್ಬಿಣ ಅಷ್ಟು ದೊಡ್ಡ ಪಟ್ಟಿಯನ್ನು ಹೇಗೆ ಮುರಿದೀತು ಎಂದರು. ಕೊನೆಗೆ ಹೇಳಿದರು:

"ಬೇರೆ ಗೇಟಿನ ಮ್ಯಾಗೂ ನನ್ನಂಥವ್ರೇ ಅದಾರ. ಬರಿ ಯವ್ವಾ. ಆದ್ರ ಪೂರಾ ಬರಿ. ಸಾಹೇಬ್ರ ಮುಂದ ನಿಂತು ಹಚ್ಚಿಸ್ಯಾರ ಅಂತನೂ ಬರಿ."

ಪೂರಾ ಬರೆದೆ. ಕೊಂಡಿಯನ್ನು ಇಲಾಖೆಯ ವೆಲ್ಡರ್ ಇಲಾಖೆಯ ಅಧಿಕಾರಿಗಳ ಸಮ್ಮುಖದಲ್ಲಿ ಬೆಸೆದದ್ದು, ಆಮೇಲಿನ ಪ್ರತಿ ತಪಾಸಣೆಯಲ್ಲೂ ಅದು ಕಣ್ಣೆದುರಿಗೇ ಇದ್ದದ್ದು, ಗೇಟನ್ನು ಗೇಣು ತೆರೆದು ತಿಂಗಳುಗಟ್ಟಲೆ ನಡುಗಲು ಬಿಟ್ಟದ್ದು, ಉಕ್ಕೇ ಕೀಳಾಗಿದ್ದದ್ದು, ಎಲ್ಲ. ನಮ್ಮ ಮುಖ್ಯಸ್ಥರು ಮೈಸೂರು ಕಡೆಯವರು, ಮೆದು ಮಾತಿನವರು. ಓದಿ ಕನ್ನಡಕ ತೆಗೆದರು.

"ನೋಡಮ್ಮ, ನಮಗೆ ಕೊಟ್ಟಿರೋದು ಕಬ್ಬಿಣ. ಅದು ಯಾಕೆ ಮುರೀತು ಅಂತ ಹೇಳು. ಅದರ ಮುಂದೆ ಯಾರು ನಿಂತಿದ್ರು ಅನ್ನೋದು ನಮ್ಮ ಕೆಲಸ ಅಲ್ಲ."

"ಹಾಗಾದರೆ ನನ್ನ ಸಹಿ ಇಲ್ಲದೆ ಕಳಿಸಿ ಸರ್," ಎಂದೆ. ಎರಡು ದಿನ ಇಬ್ಬರೂ ಮುಖ ಊದಿಸಿಕೊಂಡು ತಿರುಗಿದೆವು. ಕೊನೆಗೆ ಆ ಭಾಗ ಮುಖ್ಯ ವರದಿಯಿಂದ ಎದ್ದು ಕೊನೆಯ ಟಿಪ್ಪಣಿಯಲ್ಲಿ ಕೂತಿತು. ಅಷ್ಟಾದರೂ ಉಳಿಯಿತಲ್ಲ ಎಂದುಕೊಂಡೆ.

ಶಹಾಪುರದ ಕಚೇರಿಯಲ್ಲಿ ದೊಡ್ಡ ಸಾಹೇಬರು, ಅದೇ ಕಾರ್ಯಪಾಲಕ ಇಂಜಿನಿಯರು, ವರದಿಯನ್ನು ನನ್ನೆದುರಿಗೇ ಓದಿದರು. ಪೈಪಿನ ಮಾತು ಸುಳ್ಳಾದದ್ದಕ್ಕೆ ಬೇಸರ ಕಾಣಲಿಲ್ಲ, ನಿರಾಳವಾದಂತೆ ಕಂಡರು.

"ಅಂದ್ರ ಕೊಂಡಿ ಹಚ್ಚಿಸಿದ್ದು ತಪ್ಪು. ಯಾರ ಹಚ್ಚಿಸಿದ್ರು? ಅವನೇ."

"ವೆಲ್ಡರ್ ನಿಮ್ಮವ, ಜನರೇಟರ್ ನಿಮ್ಮದು. ನೀವೂ ಅಲ್ಲೇ ನಿಂತಿದ್ರಿ ಸರ್."

"ನಾ ಕಾಯಿ ಒಡಿಯಾಕ ಹೋಗಿದ್ದೆ ಮೇಡಂ. ವೆಲ್ಡಿಂಗ್ ನೋಡಾಕ ಅಲ್ಲ," ಎಂದರು, ನಗದೆ.

ಕೊನೆಯ ಟಿಪ್ಪಣಿಯನ್ನು ಮೇಲಿನ ಅಧಿಕಾರಿಗಳು ಯಾರೂ ತಿರುವಿ ಹಾಕಲಿಲ್ಲ. ಅನುಮತಿಯಿಲ್ಲದೆ ಗೇಟಿಗೆ ವೆಲ್ಡಿಂಗ್ ಮಾಡಿಸಿದ ದಿನಗೂಲಿಯವನನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ಆದೇಶ ಬಂತು, ಆಧಾರವಾಗಿ ನನ್ನ ವರದಿಯದೇ ಒಂದು ವಾಕ್ಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ನನ್ನ ತಪ್ಪೆಂದು ನಾನು ಕೊರಗುವುದಿಲ್ಲ. ಇಂದು ಬರೆದರೂ ಅದನ್ನೇ ಬರೆಯುತ್ತೇನೆ. ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಬಿರುಕು ಎಲ್ಲಿ ಹುಟ್ಟಿತು, ಎತ್ತ ಹೋಯಿತು ಎಂದು ನಾನು ಉಗುರಗಲದ ಜಾಗದಲ್ಲಿ ತೋರಿಸಿಕೊಟ್ಟೆ. ಅಷ್ಟು ದೊಡ್ಡ ಕಚೇರಿಯಲ್ಲಿ ಹೊಣೆ ಎಲ್ಲಿ ಹುಟ್ಟಿ ಯಾರ ತಲೆಯ ಮೇಲೆ ಬಿತ್ತು ಎಂದು ನೋಡುವ ಕಣ್ಣು ಯಾರಿಗೂ ಇರಲಿಲ್ಲ, ಇದ್ದವರು ಮುಚ್ಚಿಕೊಂಡರು.

ಮುಂದಿನ ವರ್ಷ ನೀರು ಬಿಡುವ ದಿನ ತವರಿಗೆ ಹೊರಟಿದ್ದೆ. ದಂಡೆಯ ಮೇಲೆ ಜನ ಕಂಡು ಬಸ್ಸಿಳಿದೆ. ಗೇಟಿಗೆ ಹೊಸ ಪಟ್ಟಿಗಳು ಬಂದಿದ್ದವು, ಬೆಳ್ಳಿ ಬಣ್ಣ ಮಿಂಚುತ್ತಿತ್ತು. ಹ್ಯಾಂಡಲ್ ಮುಂದೆ ಹೊಸ ಲಸ್ಕರ್. ಹಳಬರು ಜನರ ಹಿಂದೆ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ಕಂಡು ಮುಖ ತಿರುಗಿಸಲಿಲ್ಲ. ಹತ್ತಿರ ಬಂದು ಆರಾಮ ಇದ್ದೀಯೇನವ್ವಾ ಎಂದರು. ಎಡಗಡೆಯ ಪಟ್ಟಿಯ ಮೇಲೆ ಒಂದು ತಗಡಿನ ಬೋರ್ಡು ಇತ್ತು.

"ಅದರಾಗ ಏನ್ ಬರದಾರವ್ವಾ? ನನ್ನ ಕಣ್ಣಿಗಿ ಅಷ್ಟ ದೂರದ್ದು ಕಾಣವಲ್ದು."

"'ಗೇಟಿಗೆ ವೆಲ್ಡಿಂಗ್ ಮಾಡುವುದನ್ನು ನಿಷೇಧಿಸಿದೆ' ಅಂತ ಐತಿ ಕಾಕಾ."

"ಛಲೋ ಆತು. ನೀ ಬರದದ್ದು ಯಾರೋ ಓದ್ಯಾರ."

ಇನ್ನೆರಡು ಹೆಜ್ಜೆ ಮುಂದೆ ಹೋಗಿ ನೋಡಿದೆ. ಬೋರ್ಡಿನ ನಾಲ್ಕೂ ಮೂಲೆಗಳನ್ನು ಪಟ್ಟಿಗೆ ವೆಲ್ಡಿಂಗ್ ಮಾಡಿದ್ದರು. ಒಂದು ಮೂಲೆಯ ತೂತಿಗೆ ಹಸಿರು ಖಣದ ಉಡಿ ಕಟ್ಟಿದ್ದರು. ದೊಡ್ಡ ಸಾಹೇಬರು ಕಾಯಿ ಒಡೆದರು. ನಾನು ಅವರ ಹತ್ತಿರ ಹೋಗಿ ಬೋರ್ಡಿನ ಕಡೆ ಕೈ ಮಾಡಿ ಹೇಳಿದೆ. "ಇವತ್ತೊಂದಿನ ಬಿಡ್ರಿ ಮೇಡಂ, ಶುಭ ಕಾರ್ಯ ನಡದೈತಿ," ಎಂದರು.

ಹ್ಯಾಂಡಲ್ ತಿರುಗಿತು. ಗೇಟು ಎದ್ದಿತು, ಅದರೊಡನೆ ಉಡಿ ಎದ್ದಿತು. ಹೆಂಗಸರು ಸೆರಗು ಹಿಡಿದು ಕೈ ಮುಗಿದರು. ನನ್ನ ಪಕ್ಕದಲ್ಲಿ ಆ ಮುದುಕ ಎಡಗೈಯನ್ನು ಹಣೆಗೆ ಮುಟ್ಟಿಸಿಕೊಂಡರು.

"ಈ ಸಲ ಉಡಿ ಜಾರಲಿಲ್ಲ ನೋಡವ್ವಾ," ಎಂದರು.

ಗೇಣಷ್ಟು ಎದ್ದ ಮೇಲೆ ಸಾಹೇಬರು ಸಾಕು ಎಂದು ಕೈ ತೋರಿಸಿದರು. ಗೇಟು ಅಲ್ಲೇ ನಿಂತಿತು. ನಮ್ಮ ಕಾಲಡಿಯ ಕಲ್ಲಿನಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು.